ಹಳಿಯ ಉತ್ತರಕ್ಕೆ

ಅಮೆರಿಕದ ಒಕ್ಲಹೋಮಾದಲ್ಲಿರುವ ನಮ್ಮ ಟಲ್ಸಾ ಊರಿಗೆ ಹೊಸದಾಗಿ ಬರುವ ಕನ್ನಡದ ಹುಡುಗರಿಗೆ ಮೊದಲು ಸಿಗುವ ಬುದ್ಧಿಮಾತು ಒಂದೇ: ‘ರೈಲುಹಳಿಯ ಉತ್ತರಕ್ಕೆ ಮನೆ ನೋಡಬೇಡಪ್ಪಾ.’ ಏಕೆಂದು ಕೇಳಿದರೆ, ‘ಆ ಏರಿಯಾ ಅಷ್ಟು ಸರಿಯಿಲ್ಲ.’ ಅಲ್ಲಿರುವವರು ಕಪ್ಪುಜನ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಾತಿಯನ್ನು ನೇರ ಕೇಳದೆ ‘ನಿಮ್ಮದು ಯಾವ ಪೈಕಿ?’ ಎನ್ನುತ್ತಾ ಬೆಳೆದ ನಮಗೆ ಈ ಸಭ್ಯತೆ ಸುಲಭವಾಗಿ ಒಗ್ಗಿದೆ. ಆದರೆ ಆ ಹಳಿಯಾಚೆ ನಡೆದದ್ದನ್ನು ತಿಳಿದ ಮೇಲೆ ನನಗೆ ಇದನ್ನು ಸಭ್ಯತೆ ಎನ್ನಲು ಆಗುವುದಿಲ್ಲ.

ಹಳಿಯಾಚೆ ಗ್ರೀನ್‌ವುಡ್ ಇತ್ತು. ಕಪ್ಪುಜನರದೇ ಹೋಟೆಲು, ಪತ್ರಿಕೆ, ಆಸ್ಪತ್ರೆ, ಡ್ರೀಮ್‌ಲ್ಯಾಂಡ್ ಎಂಬ ಚಿತ್ರಮಂದಿರ ಎಲ್ಲವೂ ಅಲ್ಲಿದ್ದವು. 1921ರ ಮೇ ಕೊನೆಯಲ್ಲಿ, ಬೂಟು ಪಾಲಿಶ್ ಮಾಡುತ್ತಿದ್ದ ಡಿಕ್ ರೋಲಂಡ್ ಎಂಬ ಹುಡುಗ ಲಿಫ್ಟಿನಲ್ಲಿ ಬಿಳಿಯ ಹುಡುಗಿಯ ಮೇಲೆ ಕೈಮಾಡಿದನೆಂದು ‘ಟಲ್ಸಾ ಟ್ರಿಬ್ಯೂನ್’ ಬರೆಯಿತು. ಅಂದು ಸಂಜೆ ನ್ಯಾಯಾಲಯದ ಮುಂದೆ ಬಿಳಿಯರು ನೆರೆದರು. ಹುಡುಗನನ್ನು ಕಾಯಲು ಗ್ರೀನ್‌ವುಡ್‌ನ ಗಂಡಸರು ಬಂದೂಕು ಹಿಡಿದು ಬಂದರು. ಒಂದು ಗುಂಡು ಹಾರಿತು. ಬಿಳಿಯರ ಗುಂಪು ಗ್ರೀನ್‌ವುಡ್‌ಗೆ ನುಗ್ಗಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಸುಮಾರು 35 ಬೀದಿಚೌಕಗಳು ಬೂದಿಯಾಗಿದ್ದವು. ಸುಟ್ಟ ಮನೆಗಳೇ 1,200ಕ್ಕೂ ಹೆಚ್ಚು. ಸತ್ತವರು 300ರವರೆಗೂ ಇರಬಹುದೆಂದು ಇತಿಹಾಸಕಾರರ ಅಂದಾಜು. ಮನೆ ಕಳೆದುಕೊಂಡವರನ್ನೇ ಸಾವಿರಗಟ್ಟಲೆ ಹಿಡಿದು ಕಾವಲಿನಲ್ಲಿಟ್ಟರು. ತನಿಖೆಗೆ ಕೂತ ಜ್ಯೂರಿ ತಪ್ಪನ್ನೂ ಅವರ ಮೇಲೆಯೇ ಹೊರಿಸಿತು. ಕೊಂದವರಿಗೆ, ಸುಟ್ಟವರಿಗೆ ಶಿಕ್ಷೆಯಾಗಲಿಲ್ಲ.

ಆಮೇಲೆ ಊರು ಸುಮ್ಮನಾಯಿತು, ಅದೂ ಶ್ರಮಪಟ್ಟು. ಟ್ರಿಬ್ಯೂನ್‌ನ ಹಳೆಯ ಸಂಪುಟವನ್ನು ಮೈಕ್ರೋಫಿಲ್ಮ್ ಮಾಡುವ ಮೊದಲೇ ಆ ದಿನದ ಮುಖಪುಟದ ವರದಿಯನ್ನು ಯಾರೋ ಹರಿದು ತೆಗೆದಿದ್ದರು. ಗ್ರೀನ್‌ವುಡ್‌ನ ಹಿರಿಯರೂ ಮತ್ತೆ ಅದೇ ಆದೀತೆಂಬ ಭಯದಲ್ಲಿ ಮಕ್ಕಳಿಗೆ ಹೇಳಲಿಲ್ಲ. 1950ರ ದಶಕದಲ್ಲಿ ಡ್ರೀಮ್‌ಲ್ಯಾಂಡ್ ಮಾಲೀಕರ ಮಗ ಡಬ್ಲ್ಯೂ. ಡಿ. ವಿಲಿಯಮ್ಸ್ ಶಾಲೆಯಲ್ಲಿ ಈ ವಿಷಯ ಹೇಳಿದಾಗ, ಡಾನ್ ರಾಸ್ ಎಂಬ ವಿದ್ಯಾರ್ಥಿ ಎದ್ದುನಿಂತು ಇದು ಸುಳ್ಳು ಎಂದ. ಮರುದಿನ ಮೇಷ್ಟ್ರು ಅವನ ಮುಂದೆ ಫೋಟೋಗಳನ್ನು ಹರವಿದರು. 1971ರಲ್ಲಿ ಎಡ್ ವೀಲರ್ ಎಂಬ ಬಿಳಿಯ ಲೇಖಕ ಬದುಕುಳಿದವರನ್ನು ಮಾತಾಡಿಸಿ ಬರೆದ ಲೇಖನವನ್ನು ಊರಿನ ದೊಡ್ಡವರು ಒಲ್ಲೆ ಎಂದರು, ಬೆದರಿಕೆಗಳೂ ಬಂದವು. ಕೊನೆಗೆ ಅದನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದವನು ಅದೇ ಡಾನ್ ರಾಸ್. ಮುಂದೆ ಶಾಸಕನಾಗಿ, 1997ರಲ್ಲಿ ತನಿಖಾ ಆಯೋಗ ರಚನೆಯಾಗಲು ದುಡಿದವನೂ ಅವನೇ.

ಆಯೋಗದ ವರದಿ 2001ರಲ್ಲಿ ಬಂತು. 2021ರಲ್ಲಿ ಶತಮಾನದ ಸ್ಮರಣೆ ನಡೆದ ಅದೇ ತಿಂಗಳು, ಜನಾಂಗದ ಕಾರಣಕ್ಕೆ ಯಾವ ಮಗುವಿಗೂ ಮುಜುಗರವಾಗಬೇಕೆಂದು ಕಲಿಸಕೂಡದು ಎಂಬ ಕಾನೂನನ್ನು ರಾಜ್ಯ ತಂದಿತು. ಗ್ರೀನ್‌ವುಡ್‌ನ ಪಾಠಕ್ಕೆ ನಿಷೇಧವೇನೂ ಇಲ್ಲ. ಆದರೆ ಎಲ್ಲಿ ದೂರು ಬರುತ್ತದೋ ಎಂಬ ಅಂಜಿಕೆಯಲ್ಲಿ ಮೇಷ್ಟ್ರು ಮಾತನ್ನು ಅಳೆದು ಆಡಬೇಕು. ಕಚೇರಿಗಳಲ್ಲೋ ಇನ್ನೊಂದು ಬಗೆ: ವೈವಿಧ್ಯದ ಬಗ್ಗೆ ತರಬೇತಿ ಆಗುತ್ತದೆ, ನಯವಾದ ಪದಗಳನ್ನು ಕಲಿಸುತ್ತಾರೆ, ಹಳಿಯ ಆಚೆ ಯಾರಿದ್ದರು, ಅವರ ಆಸ್ತಿ ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ನೋಯಿಸದಂತೆ ಮಾತಾಡುವುದು ಬೇಕು. ಮಾತನ್ನೇ ಆಡದಿರುವುದು ನೊಂದವರನ್ನು ಕಾಯುವುದಿಲ್ಲ, ನೋಯಿಸಿದವರನ್ನು ಕಾಯುತ್ತದೆ. ಓಕ್‌ಲಾನ್ ಸ್ಮಶಾನವನ್ನು ಅಗೆದು, ಹೆಸರಿಲ್ಲದ ಗುಂಡಿಯಿಂದ ಸಿ. ಎಲ್. ಡೇನಿಯಲ್ ಎಂಬ ಮಾಜಿ ಸೈನಿಕನನ್ನು ಗುರುತಿಸಲು 2024ರವರೆಗೆ ಕಾಯಬೇಕಾಯಿತು. ಹೊಸದಾಗಿ ಬರುವ ನಮ್ಮ ಹುಡುಗರಿಗೆ ಬುದ್ಧಿ ಹೇಳುವುದಿದ್ದರೆ, ಮನೆ ಎಲ್ಲಿ ನೋಡಬಾರದು ಎನ್ನುವ ಮೊದಲು ಇಷ್ಟನ್ನು ಹೇಳೋಣ.