ಆರ್ಡರ್ ಒಂದು, ಹೆಸರು ಎರಡು

1948ರ ಜೂನ್‌ನಲ್ಲಿ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು, ಕಾಲುವೆ ಎಲ್ಲವನ್ನೂ ಮುಚ್ಚಿದವು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಊರಿಗೆ ಹಿಟ್ಟು, ಕಲ್ಲಿದ್ದಲು, ಹಾಲಿನ ಪುಡಿ, ಔಷಧಿ ಸಮಸ್ತವೂ ವಿಮಾನದಲ್ಲೇ ಹೋಗಬೇಕಾಯಿತು. ಮುಂದಿನ ಹದಿನೈದು ತಿಂಗಳಲ್ಲಿ ಹೀಗೆ ಹೋದದ್ದು ಸುಮಾರು 23 ಲಕ್ಷ ಟನ್ ಸರಕು. ಈ ಕಥೆಯಲ್ಲಿ ವಿಮಾನಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಆದರೆ ಪ್ರತಿ ವಿಮಾನದ ಜೊತೆಗೂ ಒಂದು ಸರಕು ಪಟ್ಟಿ ಹೋಗುತ್ತಿತ್ತಲ್ಲ, ನನಗೆ ಕುತೂಹಲ ಇರುವುದು ಅದರ ಬಗ್ಗೆ. ಬೇರೆ ಬೇರೆ ದೇಶದ, ಬೇರೆ ಬೇರೆ ಭಾಷೆಯ ಜನ, ಬೇರೆ ಬೇರೆ ನಮೂನೆಯಲ್ಲಿ ಬರೆದ ಪಟ್ಟಿಗಳು. ಸರಕು ಇಳಿಸಿಕೊಳ್ಳುವವನಿಗೆ ಅವನ್ನು ಓದುವುದೇ ಒಂದು ಕೆಲಸ. ಎಡ್ವರ್ಡ್ ಗಿಲ್ಬರ್ಟ್ ಎಂಬ ಅಮೆರಿಕನ್ ಸೈನಿಕ ತನ್ನ ಸಹೋದ್ಯೋಗಿಗಳ ಜೊತೆ ಕೂತು, ಟೆಲೆಕ್ಸ್‌ನಲ್ಲೋ ರೇಡಿಯೋದಲ್ಲೋ ಫೋನಿನಲ್ಲೋ ಕಳಿಸಬಹುದಾದ ಒಂದೇ ಬಗೆಯ ಪಟ್ಟಿ ರೂಪಿಸಿದ. ಯಾವ ಸಾಲಿನಲ್ಲಿ ಏನು ಬರಬೇಕು ಎನ್ನುವುದು ಮೊದಲೇ ನಿಕ್ಕಿ. ಹಾಗಾಗಿ ಓದುವವನಿಗೆ ಕಳಿಸಿದವನ ಭಾಷೆ ಗೊತ್ತಿರಬೇಕಾಗಿರಲಿಲ್ಲ.

ಗಿಲ್ಬರ್ಟ್ ಆಮೇಲೆ ಡುಪಾಂಟ್ ಕಂಪನಿ ಸೇರಿ ರಾಸಾಯನಿಕ ಸಾಗಣೆಯ ಕಾಗದಪತ್ರಗಳಿಗೆ ಇದೇ ಉಪಾಯ ಹೂಡಿದರು. 1968ರಲ್ಲಿ ಅಮೆರಿಕದ ಸಾಗಣೆ ಉದ್ಯಮದವರು ಸೇರಿ ಕಟ್ಟಿದ ಸಮಿತಿಯೊಂದರಿಂದ 1975ರಲ್ಲಿ ಮೊದಲ ಮಾನಕ ಹೊರಬಂತು. ಎಲೆಕ್ಟ್ರಾನಿಕ್ ಡೇಟಾ ಇಂಟರ್‌ಚೇಂಜ್, ಅಂದರೆ ಇಡಿಐ, ಹುಟ್ಟಿದ್ದು ಹೀಗೆ. ಇವತ್ತು ಸಗಟು ವ್ಯಾಪಾರಿಯೊಬ್ಬ ಆನ್‌ಲೈನ್ ಆರ್ಡರ್ ಆ್ಯಪ್ ಹಾಕಿಸಿಕೊಂಡು, 'ಇದು ನಮ್ಮ ಟ್ಯಾಲಿಗೆ ಕೂಡುತ್ತದೆಯೇ?' ಎಂದು ಕೇಳುವಾಗ ಅವನು ಕೇಳುತ್ತಿರುವುದು ಬರ್ಲಿನ್‌ನ ಆ ಪ್ರಶ್ನೆಯನ್ನೇ.

ಭಾಷಾಶಾಸ್ತ್ರ ಓದಿ ಅನುವಾದದಿಂದ ಹೊಟ್ಟೆ ಹೊರೆಯುವ ನನ್ನಂಥವಳಿಗೆ ಈ ಲೋಕಕ್ಕೆ ಬಾಗಿಲು ತೆರೆದದ್ದು ಒಂದು ಕೂಲಿ ಕೆಲಸ. ಸಗಟು ಆರ್ಡರ್ ಆ್ಯಪ್ ಒಂದರ ಪರದೆಯ ಮಾತುಗಳನ್ನು ಕನ್ನಡಕ್ಕೆ ತರಬೇಕಿತ್ತು. 'ಔಟ್‌ಸ್ಟಾಂಡಿಂಗ್' ಎಂದರೆ ಬಾಕಿ, ಅದು ಸುಲಭ. 'ಯೂನಿಟ್' ಎಂದರೇನು? ಬೆಂಗಳೂರಿನ ಅಂಗಡಿಯವರು 'ಪೀಸ್' ಅನ್ನುತ್ತಾರೆ, ಉತ್ತರ ಕರ್ನಾಟಕದಲ್ಲೂ ಮುಂಬೈ ಕಡೆಯೂ 'ನಗ' ಎಂದರೆ ನಡೆಯುತ್ತದೆ, ಹಳೇ ಮೈಸೂರಿನವರಿಗೆ ನಗ ಎಂದರೆ ಚಿನ್ನದ ಒಡವೆ. ಅನುವಾದ ಮುಗಿಯುವ ಹೊತ್ತಿಗೆ ನನಗೆ ತಿಳಿದದ್ದು ಇಷ್ಟು: ನನ್ನ ಕೆಲಸ ಪರದೆಯ ಮೇಲಿನದು ಮಾತ್ರ. ಅದರ ಅಡಿಯಲ್ಲಿ ಎರಡು ತಂತ್ರಾಂಶಗಳ ನಡುವೆ ಇನ್ನೊಂದು ಅನುವಾದ ನಡೆದಿದೆ. ಹಣ ಕಳೆಯುವುದೂ ಉಳಿಯುವುದೂ ಅಲ್ಲಿ.

ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವರು ಬ್ಯಾಂಡೇಜು, ಸೂಜಿ, ಸಿರಿಂಜು ಮಾರುವವರು. ಇಲಿನಾಯ್ ರಾಜ್ಯದ ಅಮೆರಿಕನ್ ಹಾಸ್ಪಿಟಲ್ ಸಪ್ಲೈ ಎಂಬ ಕಂಪನಿ ಆಸ್ಪತ್ರೆಗಳಿಗೆ ಸಗಟು ಸರಕು ಪೂರೈಸುತ್ತಿತ್ತು. ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಗೆ ಸದಾ ತಪ್ಪು ಸರಕು ಹೋಗುತ್ತಿದ್ದುದರಿಂದ, ಕಂಪನಿಯವರು ಅಲ್ಲಿಯ ಉಗ್ರಾಣಕ್ಕೆ ತೂತು ಹೊಡೆದ ಕಾರ್ಡುಗಳನ್ನು ಕೊಟ್ಟರು. ಒಂದೊಂದು ವಸ್ತುವಿಗೆ ಒಂದೊಂದು ಕಾರ್ಡು. ಬೇಕಾದವನ್ನು ಯಂತ್ರಕ್ಕೆ ತುರುಕಿದರೆ ಫೋನಿನ ತಂತಿಯಲ್ಲಿ ಆರ್ಡರು ಹೋಗಿ, ಪೂರೈಕೆದಾರನ ಕಡೆ ಅಂಥದೇ ಕಾರ್ಡುಗಳು ಮೂಡುತ್ತಿದ್ದವು. ನಡುವೆ ಕೈಬರಹವಿಲ್ಲ, 'ಆ ದೊಡ್ಡದು, ನೀಲಿ ಡಬ್ಬಿಯದು' ಎಂಬ ವಿವರಣೆಯಿಲ್ಲ.

ಇದು ಬೆಳೆದು 'ಅಸಾಪ್' ಎಂಬ ಹೆಸರು ಪಡೆಯಿತು. ಅಸಾಪ್‌ನ ಮೊದಲ ರೂಪ ಗುಂಡಿ ಒತ್ತುವ ಫೋನು. ಆಸ್ಪತ್ರೆಯವರು ಕಂಪನಿಯ ಸರಕು ಸಂಖ್ಯೆಗಳನ್ನು ಒತ್ತಬೇಕು. ಎರಡನೆಯದರಲ್ಲಿ ಟೆಲಿಪ್ರಿಂಟರ್ ಬಂತು, ಆರ್ಡರು ಹೋದದ್ದಕ್ಕೆ ಅಚ್ಚಾದ ಪುರಾವೆ ಸಿಕ್ಕಿತು. ನನ್ನ ಮಟ್ಟಿಗೆ ಕಥೆಯ ತಿರುವು ಮೂರನೆಯದು. ಅಲ್ಲಿಯವರೆಗೆ ಆಸ್ಪತ್ರೆಯ ಗುಮಾಸ್ತ ತನ್ನ ಉಗ್ರಾಣದ ಸಂಖ್ಯೆಯನ್ನು ಕಂಪನಿಯ ಸಂಖ್ಯೆಗೆ ತಿರುಗಿಸಿಕೊಂಡು ಆರ್ಡರು ಮಾಡುತ್ತಿದ್ದ. ಮೂರನೆಯ ಅಸಾಪ್‌ನಲ್ಲಿ ಅವನು ತನ್ನದೇ ಸಂಖ್ಯೆ ಬಳಸಬಹುದಿತ್ತು, ತನ್ನದೇ ನಮೂನೆಯ ಖರೀದಿ ಪತ್ರ ಪಡೆಯಬಹುದಿತ್ತು. ತಿರುಗಿಸುವ ಕೆಲಸವನ್ನು ಕಂಪನಿಯ ಕಂಪ್ಯೂಟರ್ ಹೊತ್ತುಕೊಂಡಿತು. ನಾಲ್ಕನೆಯದರಲ್ಲಿ ಆಸ್ಪತ್ರೆಯ ಕಂಪ್ಯೂಟರೇ ಕಂಪನಿಯ ಕಂಪ್ಯೂಟರ್ ಜೊತೆ ನೇರ ಮಾತಿಗೆ ಇಳಿಯಿತು.

ಇದು ಔದಾರ್ಯವಲ್ಲ. ಗಿರಾಕಿಯ ಭಾಷೆ ಕಲಿತ ವ್ಯಾಪಾರಿಯನ್ನು ಬಿಟ್ಟುಹೋಗುವುದು ಗಿರಾಕಿಗೆ ಕಷ್ಟ. ಸಂತೆಯಲ್ಲಿ ನಾಲ್ಕು ಭಾಷೆ ಮಾತಾಡುವ ಸೆಟ್ಟರಿಗೆ ಇದು ಯಾವತ್ತೋ ಗೊತ್ತಿತ್ತು. ಆಸ್ಪತ್ರೆಗಳಿಗೂ ಕ್ರಮೇಣ ಗೊತ್ತಾಯಿತು. ಬೇರೆ ಪೂರೈಕೆದಾರರೂ ತಮ್ಮ ತಮ್ಮ ಯಂತ್ರ ತಂದು ಕೂರಿಸತೊಡಗಿದಾಗ, ಪ್ರತಿ ಪೂರೈಕೆದಾರನಿಗೆ ಒಂದೊಂದು ಟರ್ಮಿನಲ್ ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಅವರು ಪಟ್ಟು ಹಿಡಿದರು.

ಅದಕ್ಕೆ ಉತ್ತರವಾಗಿ ಎಲ್ಲರಿಗೂ ಸಾಮಾನ್ಯವಾದ ಒಂದು ನಡುಭಾಷೆ ಬೇಕಾಯಿತು. 1979ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎಕ್ಸ್12 ಎಂಬ ಸಮಿತಿ ಮಾಡಿತು. ವಿಶ್ವಸಂಸ್ಥೆಯ ಆಶ್ರಯದಲ್ಲಿ ಎಡಿಫ್ಯಾಕ್ಟ್ ಬಂದು 1987ರಲ್ಲಿ ಅದರ ವ್ಯಾಕರಣ ಅಂತರರಾಷ್ಟ್ರೀಯ ಮಾನಕವಾಯಿತು. ವ್ಯಾಕರಣ ಎಂಬ ಮಾತನ್ನು ನಾನು ಅಲಂಕಾರಕ್ಕೆ ಬಳಸುತ್ತಿಲ್ಲ. ಎಕ್ಸ್12ನಲ್ಲಿ ಖರೀದಿ ಆದೇಶಕ್ಕೆ 850 ಎಂಬ ಸಂಖ್ಯೆ, ಬಿಲ್ಲಿಗೆ 810. ಒಳಗೆ ಪದಗಳ ನಡುವೆ ನಕ್ಷತ್ರ ಚಿಹ್ನೆ, ವಾಕ್ಯದ ಕೊನೆಗೆ ಇನ್ನೊಂದು ಚಿಹ್ನೆ. ಯಾವ ಪದ ಎಷ್ಟನೆಯ ಸ್ಥಾನದಲ್ಲಿದೆ ಎಂಬುದರಿಂದಲೇ ಅರ್ಥ. ನಮ್ಮ ವಿಭಕ್ತಿ ಪ್ರತ್ಯಯಗಳ ಸುಖ ಇಲ್ಲಿಲ್ಲ, ಒಂದು ಸ್ಥಾನ ಖಾಲಿ ಇದ್ದರೂ ನಕ್ಷತ್ರ ಹಾಕಿಯೇ ಮುಂದೆ ಹೋಗಬೇಕು.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು 997. 'ನಿಮ್ಮ ಸಂದೇಶ ತಲುಪಿದೆ, ವ್ಯಾಕರಣ ಸರಿಯಿದೆ' ಎಂದು ತಿಳಿಸುವ ಮರುಸಂದೇಶ ಅದು. ಆರ್ಡರನ್ನು ಒಪ್ಪಿದ್ದೇನೆ, ಮಾಲು ಕಳಿಸುತ್ತೇನೆ ಎಂದು ಅದರ ಅರ್ಥವಲ್ಲ. ಒಪ್ಪಿಗೆಗೆ ಬೇರೆ ಸಂಖ್ಯೆ ಇದೆ, 855. ಫೋನಿನಲ್ಲಿ ನಾವು ಹೇಳುವ 'ಹೂಂ' ಇದೆಯಲ್ಲ, ಅದು ಕೇಳಿಸಿಕೊಂಡೆ ಎಂಬುದಕ್ಕೋ ಒಪ್ಪಿದೆ ಎಂಬುದಕ್ಕೋ ಎಂದು ಎಷ್ಟು ಮನೆಗಳಲ್ಲಿ ಜಗಳವಾಗಿದೆ! ಆ ಎರಡು ಹೂಂಗಳನ್ನು ಇಡಿಐ ಬೇರೆ ಮಾಡಿತು. ಇವತ್ತಿನ ಆ್ಯಪ್‌ಗಳು ಹಲವು ಬಾರಿ ಮತ್ತೆ ಒಂದು ಮಾಡುತ್ತವೆ. ಪರದೆಯಲ್ಲಿ ಹಸಿರು ಗುರುತು ಕಂಡ ಅಂಗಡಿಯವನು ಮಾಲು ಬರುತ್ತದೆ ಎಂದುಕೊಳ್ಳುತ್ತಾನೆ. ಆರ್ಡರು ಸರ್ವರ್ ಮುಟ್ಟಿದೆ ಅಷ್ಟೆ, ಗೋದಾಮಿನ ಲೆಕ್ಕಕ್ಕೆ ಇನ್ನೂ ಇಳಿದೇ ಇಲ್ಲ.

ಸಾಮಾನ್ಯ ಭಾಷೆ ಬಂದಮೇಲೆ ಸಮಾನತೆ ಬಂತೇ? ಇಲ್ಲ. ವಾಲ್‌ಮಾರ್ಟ್‌ನಂಥ ದೊಡ್ಡ ಖರೀದಿದಾರರು ಮಾನಕದೊಳಗೇ ತಮ್ಮ ತಮ್ಮ ಉಪಭಾಷೆ ಮಾಡಿಕೊಂಡು, ಹೀಗೇ ಬರೆಯಬೇಕು ಎಂದು ದಪ್ಪ ಕೈಪಿಡಿ ಕೊಟ್ಟರು. ತಪ್ಪಿದರೆ ಬಿಲ್ಲಿನಲ್ಲಿ ದಂಡ ಮುರಿದುಕೊಳ್ಳುವ ಪದ್ಧತಿಯೂ ಬೆಳೆಯಿತು. ಕಲಿಯುವ ಖರ್ಚು ಯಾವಾಗಲೂ ಚಿಕ್ಕವನ ಮೇಲೆ.

ನಮ್ಮಲ್ಲಿ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ. ಗಿರಣಿ, ಕಾರ್ಖಾನೆಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಬರೆಯಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂದು ಶುರುವಾದ ಆ ಉದ್ಯಮವೇ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಅದರ ಮನೆ ಬೆಂಗಳೂರು. ಆಗಿನ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಇರಲೇಬೇಕಿತ್ತು. ಟ್ಯಾಲಿ ಅದನ್ನು ಕಿತ್ತುಹಾಕಿತು. ಚರ್ಮದ ಹೊದಿಕೆಯ ಖಾತೆ ಪುಸ್ತಕದಲ್ಲಿ ಹೇಗೋ ಹಾಗೆ, ಹೆಸರು ಬರೆದರೆ ಸಾಕು. ದೇಶದ ಲಕ್ಷಾಂತರ ಅಂಗಡಿಗಳು ಅದನ್ನು ಒಪ್ಪಿಕೊಂಡದ್ದಕ್ಕೆ ಇದೊಂದು ದೊಡ್ಡ ಕಾರಣ ಎಂದು ನನ್ನ ಅಂದಾಜು. ಮುನೀಮರು ಎಂದೂ ಸಂಖ್ಯೆಗಳಲ್ಲಿ ಯೋಚಿಸಿದವರಲ್ಲ. ಅವರ ತಲೆಯಲ್ಲಿ ಇದ್ದದ್ದು 'ಸ್ಟೇಷನ್ ರೋಡ್ ಮಂಜುನಾಥ' ಮತ್ತು 'ಮಂಜುನಾಥ, ಹಳೇ ಬಾಕಿ'.

ಕಂಪ್ಯೂಟರ್‌ಗಳು ಪರಸ್ಪರ ಮಾತಾಡಬೇಕಾಗಿ ಬಂದಾಗ ಇದೇ ವರವು ತೊಡಕಾಯಿತು. ಹೊರಗಿನ ಆರ್ಡರನ್ನು ಟ್ಯಾಲಿ ಎಕ್ಸ್‌ಎಂಎಲ್ ರೂಪದಲ್ಲಿ ಸ್ವೀಕರಿಸುತ್ತದೆ. ಆ ಕಂಪ್ಯೂಟರಿನ 9000ನೇ ಪೋರ್ಟಿನಲ್ಲಿ, ಅಂದರೆ ಒಂದು ಗೊತ್ತಾದ ಕಿಟಕಿಯಲ್ಲಿ, ಕಿವಿಗೊಟ್ಟು ಕೂತಿರುವುದು ರೂಢಿ. ಅಲ್ಲಿ ಬಂದ ಆರ್ಡರಿನಲ್ಲಿ ಖಾತೆಯ ಹೆಸರು ಒಳಗಿನ ಹೆಸರಿಗೆ ಸರಿಹೊಂದದಿದ್ದರೆ, ಅಂಥ ಖಾತೆಯೇ ಇಲ್ಲವೆಂದು ವಾಪಸು. ಆ್ಯಪ್‌ನಲ್ಲಿ 'ಮಂಜುನಾಥ ಟ್ರೇಡರ್ಸ್', ಟ್ಯಾಲಿಯಲ್ಲಿ 'ಸ್ಟೇಷನ್ ರೋಡ್ ಮಂಜುನಾಥ'. ಮನುಷ್ಯನಿಗೆ ಇಬ್ಬರೂ ಒಬ್ಬನೇ. ಸರಕಿನದೂ ಇದೇ ಪಾಡು. ಕಂಪನಿ 'ಕೇಸ್' ಎಂದು ಕಳಿಸುತ್ತದೆ, ಅಂಗಡಿ ಪೀಸಿನಲ್ಲಿ ಕೇಳುತ್ತದೆ. ಒಂದು ಕೇಸಿನಲ್ಲಿ 24 ಇದೆ ಎಂದು ಯಾರಾದರೂ ಬರೆದಿಡದಿದ್ದರೆ, 24 ಸೋಪು ಕೇಳಿದವನಿಗೆ 24 ಪೆಟ್ಟಿಗೆ ಬಿಲ್ಲಾಗುತ್ತದೆ. ಪಕ್ಕಾ ಸೇರು, ಕಚ್ಚಾ ಸೇರು ಎಂದು ಜಗಳವಾಡಿದವರ ಮೊಮ್ಮಕ್ಕಳು ನಾವು, ಇದು ನಮಗೆ ಹೊಸದೇನಲ್ಲ.

2017ರ ಜುಲೈ 1ರಂದು ಬಂದ ಜಿಎಸ್‌ಟಿ ಈ ಹೆಸರುಗಳ ಲೋಕಕ್ಕೆ ಸಂಕೇತಗಳನ್ನು ಹಿಂಬಾಗಿಲಿಂದ ತಂದಿತು. ಪ್ರತಿ ವ್ಯಾಪಾರಿಗೆ 15 ಅಕ್ಷರಗಳ ಗುರುತು. ಅದರ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಮುಂದಿನ ಹತ್ತು ಪ್ಯಾನ್. ಸರಕಿಗೆ ಎಚ್‌ಎಸ್‌ಎನ್ ಸಂಖ್ಯೆ, ಅಳತೆಗೂ ಸರ್ಕಾರದ್ದೇ ಪಟ್ಟಿ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗಿಂತ ಹೆಚ್ಚಿನ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಮಿತಿ ಇಳಿಯುತ್ತ ಇಳಿಯುತ್ತ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಅಮೆರಿಕದಲ್ಲಿ ದೊಡ್ಡ ಖರೀದಿದಾರರು ಬಲವಂತದಿಂದ ಮಾಡಿಸಿದ್ದನ್ನು ಇಲ್ಲಿ ತೆರಿಗೆ ಇಲಾಖೆ ಮಾಡಿಸಿತು. ಈಗ ಮಂಜುನಾಥ ಯಾರು ಎಂಬ ಪ್ರಶ್ನೆಗೆ ನೋಂದಣಿ ಸಂಖ್ಯೆ ಉತ್ತರಿಸುತ್ತದೆ. ಆದರೆ ನೋಂದಣಿಯೇ ಇಲ್ಲದ ಸಣ್ಣ ಅಂಗಡಿಯ ಮಂಜುನಾಥ ಇನ್ನೂ ಹೆಸರಾಗಿಯೇ ಉಳಿದಿದ್ದಾನೆ.

ಪೈಸೆಯ ಜಗಳವನ್ನೂ ಹೇಳಬೇಕು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಬಿಲ್ಲಿನಲ್ಲಿ 10.10 ರೂಪಾಯಿಯ ಮೂರು ಸಾಲುಗಳಿವೆ ಎನ್ನಿ, ಅಂತರರಾಜ್ಯ ತೆರಿಗೆ ಶೇ. 5. ಸಾಲುಸಾಲಿಗೆ ತೆರಿಗೆ ಹಾಕಿ ಪೈಸೆಗೆ ಸರಿಮಾಡಿದರೆ ಒಟ್ಟು ತೆರಿಗೆ 1.53, ಮೊತ್ತದ ಮೇಲೆ ಹಾಕಿದರೆ 1.52. ಆ್ಯಪ್ ಒಂದು ರೀತಿ, ಲೆಕ್ಕದ ತಂತ್ರಾಂಶ ಇನ್ನೊಂದು ರೀತಿ ಮಾಡಿದರೆ ಒಂದು ಪೈಸೆಗಾಗಿ ಬಿಲ್ಲು ಅಡ್ಡ ಮಲಗುತ್ತದೆ. ಇದಕ್ಕಿಂತ ದುಬಾರಿಯಾದದ್ದು ದಾಸ್ತಾನು. ಸಾಮಾನ್ಯವಾಗಿ ಟ್ಯಾಲಿ ಇರುವುದು ಮಾಲೀಕರ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ. ರಾತ್ರಿ ಅಂಗಡಿ ಮುಚ್ಚುವಾಗ ಅದನ್ನೂ ಆರಿಸುತ್ತಾರೆ. ಕಿಟಕಿ ಮುಚ್ಚಿತು. ಅಂಗಡಿಗಳವರು ಆ್ಯಪ್‌ನಲ್ಲಿ ಆರ್ಡರು ಹಾಕುವ ಬಿಡುವು ಸಿಗುವುದು ರಾತ್ರಿ ಊಟವಾದ ಮೇಲೆಯೇ. ಆ್ಯಪ್ ಸಂಜೆಯ ಲೆಕ್ಕದಂತೆ 40 ಪೆಟ್ಟಿಗೆ ತೋರಿಸುತ್ತ ಮಾರುತ್ತಲೇ ಇರುತ್ತದೆ. ಬೆಳಗ್ಗೆ ಮೊದಲು ಬಂದ ಗಾಡಿಯವನಿಗೆ ಕೈಬಿಲ್ಲಿನಲ್ಲಿ ಅದರಿಂದಲೇ 15 ಹೋಗಿರುತ್ತದೆ.

ಈಗ ಓಎನ್‌ಡಿಸಿ ಎಂಬ ಸರ್ಕಾರಿ ಬೆಂಬಲದ ಜಾಲ ಬಂದಿದೆ. 2022ರಲ್ಲಿ ಅದರ ಪ್ರಯೋಗ ನಡೆದ ಮೊದಲ ಐದು ಊರುಗಳಲ್ಲಿ ಬೆಂಗಳೂರೂ ಒಂದು. ಅದರ ತಳದಲ್ಲಿರುವ ಬೆಕ್‌ನ್ ಎಂಬ ಮಾನಕ ಪೂರ್ತಿ ಕ್ರಿಯಾಪದಗಳದ್ದು: ಹುಡುಕು, ಆರಿಸು, ಖಚಿತಪಡಿಸು. ಪ್ರತಿ ಕ್ರಿಯೆಗೂ ಎದುರಿನವನಿಂದ ಬೇರೆಯೇ ಒಂದು ಉತ್ತರ ಬರಬೇಕು. ಅಂದರೆ ಎರಡು ಹೂಂಗಳು ಮತ್ತೆ ಬೇರೆಯಾಗಿವೆ. ಎಕ್ಸ್12ನ ಸಂಖ್ಯೆಗಳಿಗಿಂತ ಇದು ಮನುಷ್ಯರ ಮಾತಿಗೆ ಹತ್ತಿರ. ಆದರೆ ಕ್ರಿಯಾಪದ ಎಷ್ಟೇ ಚೆಂದವಿರಲಿ, ನಾಮಪದಗಳನ್ನು ಯಾರೋ ಕೂತು ಹೊಂದಿಸಲೇಬೇಕು.

ಹೊಂದಿಸುವುದು ಒಂದು ಎಕ್ಸೆಲ್ ಹಾಳೆಯಲ್ಲಿ. ಎಡಗಡೆ ಆ್ಯಪ್‌ನ ಹೆಸರು, ಬಲಗಡೆ ಟ್ಯಾಲಿಯ ಹೆಸರು. ತಂತ್ರಾಂಶದ ಹುಡುಗರು ಅದನ್ನು ಮ್ಯಾಪಿಂಗ್ ಅನ್ನುತ್ತಾರೆ, ನಾನು ನಿಘಂಟು ಅನ್ನುತ್ತೇನೆ. ಅದನ್ನು ತುಂಬಬಲ್ಲವರು ಆ ಹುಡುಗರಲ್ಲ, ಮಾಲೀಕರೂ ಅಲ್ಲ. ಇಷ್ಟು ವರ್ಷ ಫೋನಿನಲ್ಲಿ, ಚೀಟಿಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರ್ಡರನ್ನು ಮತ್ತೆ ಕುಟ್ಟಿ ಕುಟ್ಟಿ ಟ್ಯಾಲಿಗೆ ಏರಿಸಿದ ಗುಮಾಸ್ತರು. ಮೂರು ಮಂಜುನಾಥರಲ್ಲಿ ಹಣ ತಡಮಾಡುವವನು ಯಾರು ಎಂದು ಅವರಿಗೆ ಗೊತ್ತು. ಆ ಹಾಳೆ ತುಂಬಿದ ಮೇಲೆ ಮರುಕುಟ್ಟುವ ಕೆಲಸ ನಿಲ್ಲುತ್ತದೆ, ಹಾಗಾಗಿ ಅದನ್ನು ಅವರಿಂದ ತುಂಬಿಸಿಕೊಳ್ಳಲು ತಿಂಗಳುಗಳೇ ಹಿಡಿಯುವುದುಂಟು. ಮಾಲೀಕರು ಇದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ಕೆಲವು ಕಡೆ ಜಾಣ ಮಾಲೀಕರು ಅದೇ ಗುಮಾಸ್ತರನ್ನು ಬಾಕಿ ವಸೂಲಿಯ ಲೆಕ್ಕಕ್ಕೆ ಕೂರಿಸಿ, ಸಂಬಳ ಹೆಚ್ಚಿಸಿ, ಆಮೇಲೆ ಹಾಳೆ ಮುಂದಿಡುತ್ತಾರೆ. ಅಲ್ಲಿ ಹಾಳೆ ಒಂದೇ ವಾರದಲ್ಲಿ ತುಂಬುತ್ತದೆ.