ಥೈರೋಟಾಕ್ಸಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್

ಥೈರೋಟಾಕ್ಸಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್ ಎಂಬುದು ಥೈರಾಯ್ಡ್ ಗ್ರಂಥಿಯ ಅತಿಸ್ರಾವವುಳ್ಳ ಕೆಲವರಲ್ಲಿ ಮಾಂಸಖಂಡಗಳು ಇದ್ದಕ್ಕಿದ್ದಂತೆ ಬಲಗುಂದಿ, ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಮತ್ತೆ ಸರಿಹೋಗುವ ರೋಗಸ್ಥಿತಿ. ಆ ವೇಳೆಯಲ್ಲಿ ರಕ್ತದ ಪೊಟ್ಯಾಸಿಯಂ ಪ್ರಮಾಣ ಕುಸಿದಿರುತ್ತದೆ. ಇದನ್ನು 'ಪಾರ್ಶ್ವವಾಯು' ಎಂದು ಕರೆಯುವುದು ಅಷ್ಟು ಸರಿಯಲ್ಲ. ಪಾರ್ಶ್ವವೆಂದರೆ ಒಂದು ಮಗ್ಗುಲು. ಇಲ್ಲಿ ಸಾಮಾನ್ಯವಾಗಿ ಎರಡೂ ಕಾಲುಗಳು ಸೋಲುತ್ತವೆ, ಮಿದುಳಿಗೆ ಯಾವ ಹಾನಿಯೂ ಆಗಿರುವುದಿಲ್ಲ.

ಲಕ್ಷಣಗಳು

ರಾತ್ರಿ ಆರೋಗ್ಯವಾಗಿ ಮಲಗಿದ ವ್ಯಕ್ತಿ ಬೆಳಗಿನ ಜಾವ ಹಾಸಿಗೆಯಿಂದ ಏಳಲಾರದೆ ಹೋಗುವುದು ಇದರ ಸಾಮಾನ್ಯ ರೂಪ. ತೊಡೆ ಮತ್ತು ಸೊಂಟದ ಸ್ನಾಯುಗಳು ಹೆಚ್ಚು ಬಾಧಿತವಾಗುತ್ತವೆ. ಪ್ರಜ್ಞೆಯೂ ಸ್ಪರ್ಶಜ್ಞಾನವೂ ಕೆಡುವುದಿಲ್ಲ. ಉಸಿರಾಟದ ಸ್ನಾಯುಗಳು ಸೋಲುವುದು ಅಪರೂಪ. ಹೃದಯದ ಲಯ ತಪ್ಪುವ ಅಪಾಯವಂತೂ ಇದ್ದೇ ಇರುತ್ತದೆ. ಹಿಂದಿನ ದಿನದ ಭಾರೀ ಊಟ (ವಿಶೇಷವಾಗಿ ಪಿಷ್ಟ, ಸಿಹಿ), ಮದ್ಯಪಾನ, ಕಠಿಣ ದೈಹಿಕ ಶ್ರಮದ ನಂತರದ ವಿಶ್ರಾಂತಿ ಇವು ಪ್ರಚೋದಕಗಳು.

ಯಾರಲ್ಲಿ ಹೆಚ್ಚು

ಥೈರಾಯ್ಡ್ ಅತಿಸ್ರಾವ ಸ್ತ್ರೀಯರಲ್ಲಿ ಹೆಚ್ಚು. ಈ ತೊಡಕು ಮಾತ್ರ ಬಹುಪಾಲು 20ರಿಂದ 40 ವರ್ಷದ ಪುರುಷರದು. ಅತಿಸ್ರಾವವುಳ್ಳ ಚೀನೀ ಮತ್ತು ಜಪಾನೀ ರೋಗಿಗಳಲ್ಲಿ ಸುಮಾರು ಶೇ. 2ರಷ್ಟು ಮಂದಿಯಲ್ಲಿ ಕಂಡುಬಂದರೆ, ಉತ್ತರ ಅಮೆರಿಕದಲ್ಲಿ ಶೇ. 0.1ರಿಂದ 0.2 ಮಾತ್ರ. ಭಾರತದಿಂದಲೂ ಪ್ರಕರಣಗಳು ವರದಿಯಾಗಿವೆ.

ಕಾರಣ

ದೇಹದಲ್ಲಿ ಪೊಟ್ಯಾಸಿಯಂ ಬರಿದಾಗಿರುವುದಿಲ್ಲ, ಸ್ಥಳ ಬದಲಿಸಿರುತ್ತದೆ. ಇಡೀ ರೋಗದ ಮರ್ಮ ಇದೇ. ಜೀವಕೋಶದ ಪೊರೆಯಲ್ಲಿರುವ ಸೋಡಿಯಂ–ಪೊಟ್ಯಾಸಿಯಂ ಪಂಪನ್ನು ಥೈರಾಯ್ಡ್ ಹಾರ್ಮೋನು ಚುರುಕುಗೊಳಿಸುತ್ತದೆ. ಊಟದ ನಂತರ ಏರುವ ಇನ್ಸುಲಿನ್ ಮತ್ತು ಶ್ರಮದಲ್ಲಿ ಸ್ರವಿಸುವ ಅಡ್ರಿನಲಿನ್ ಅದಕ್ಕೆ ಇನ್ನಷ್ಟು ಒತ್ತು ಕೊಡುತ್ತವೆ. ರಕ್ತದ ಪೊಟ್ಯಾಸಿಯಂ ಸ್ನಾಯುಕೋಶಗಳೊಳಗೆ ಸೇರಿಕೊಂಡು, ಸ್ನಾಯು ನರದ ಆಜ್ಞೆಗೆ ಸ್ಪಂದಿಸದಂತಾಗುತ್ತದೆ. ಕೆಲವು ರೋಗಿಗಳಲ್ಲಿ ಸ್ನಾಯುವಿನ ಪೊಟ್ಯಾಸಿಯಂ ನಾಳಕ್ಕೆ ಸಂಬಂಧಿಸಿದ ಕೆಸಿಎನ್‌ಜೆ18 ಎಂಬ ಜೀನಿನ ದೋಷವನ್ನು 2010ರಲ್ಲಿ ಗುರುತಿಸಲಾಯಿತು.

ರೋಗನಿರ್ಣಯ ಮತ್ತು ಚಿಕಿತ್ಸೆ

ತೂಕ ಇಳಿಯುವುದು, ಕೈನಡುಕ, ಎದೆಬಡಿತದಂತಹ ಥೈರಾಯ್ಡ್ ಲಕ್ಷಣಗಳು ಅನೇಕರಲ್ಲಿ ಅಸ್ಪಷ್ಟವಾಗಿರುವುದರಿಂದ ಮೂಲರೋಗ ತಪ್ಪಿಹೋಗುವುದುಂಟು. ವಂಶಪಾರಂಪರ್ಯವಾಗಿ ಬರುವ ಇದೇ ಬಗೆಯ ಕಾಯಿಲೆಯೆಂದು ಭಾವಿಸಿ ಅಸಿಟಜೋಲಮೈಡ್ ಕೊಟ್ಟರೆ ಸ್ಥಿತಿ ಬಿಗಡಾಯಿಸಬಹುದು. ಆದ್ದರಿಂದ ಪೊಟ್ಯಾಸಿಯಂ ಜೊತೆಗೆ ಟಿಎಸ್ಎಚ್, ಟಿ4 ಪರೀಕ್ಷೆಗಳೂ ಅಗತ್ಯ.

ಪೊಟ್ಯಾಸಿಯಮನ್ನು ಮಿತವಾಗಿ, ಇಸಿಜಿ ಗಮನಿಸುತ್ತ ಕೊಡಬೇಕಾಗುತ್ತದೆ. ಕೋಶಗಳೊಳಗೆ ಹೋದ ಪೊಟ್ಯಾಸಿಯಂ ಹಿಂದಿರುಗಿದಾಗ ರಕ್ತದಲ್ಲಿ ಅದರ ಮಟ್ಟ ಅತಿಯಾಗಿ ಏರಿ ಹೃದಯವೇ ನಿಲ್ಲಬಹುದು. ಪ್ರೊಪ್ರನೊಲಾಲ್ ಈ ಒಳಹರಿವನ್ನು ತಡೆಯುತ್ತದೆ. ಆಕ್ರಮಣಗಳ ನಡುವಿನ ದಿನಗಳಲ್ಲಿ ಪೊಟ್ಯಾಸಿಯಂ ಮಾತ್ರೆಗಳಿಂದ ಪ್ರಯೋಜನವಿಲ್ಲ. ಔಷಧ, ವಿಕಿರಣ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆಯಿಂದ ಥೈರಾಯ್ಡ್ ಸಹಜಸ್ಥಿತಿಗೆ ಬಂದ ಮೇಲೆ ಆಕ್ರಮಣಗಳು ನಿಲ್ಲುತ್ತವೆ. ಅತಿಸ್ರಾವ ಮರುಕಳಿಸಿದರೆ ಅವೂ ಮರುಕಳಿಸುತ್ತವೆ.