ರೋಟಾವೇಟರ್ ಗೇರ್ ಜೋಡಿಯ ಆಯ್ಕೆ: ಹಲ್ಲಿನ ಲೆಕ್ಕ, ಸುತ್ತು ಮತ್ತು ತಿರುಗುಬಲ

ಬಹುವೇಗದ ರೋಟಾವೇಟರ್‌ನ ಗೇರ್ ಬಾಕ್ಸ್‌ಗೆ ಹಿಂಬದಿಯಲ್ಲಿ ಒಂದು ಮುಚ್ಚಳವಿರುತ್ತದೆ. ಅದನ್ನು ತೆಗೆದರೆ ಒಂದಕ್ಕೊಂದು ಕಚ್ಚಿಕೊಂಡಿರುವ ಎರಡು ಗೇರುಗಳು ಕಾಣುತ್ತವೆ. ಇವೆರಡನ್ನು ಅದಲು ಬದಲು ಮಾಡಿ ಬ್ಲೇಡ್‌ಗಳು ತಿರುಗುವ ವೇಗವನ್ನು ಬದಲಾಯಿಸಬಹುದು. ವೇಗ ಹೆಚ್ಚಿದಷ್ಟೂ ಕೆಲಸ ಹೆಚ್ಚೆಂಬ ನಂಬಿಕೆಯಿಂದ ಗಟ್ಟಿಯಾದ ಎರೆ ಭೂಮಿಯಲ್ಲಿಯೂ ಅತಿವೇಗದ ಜೋಡಣೆಯನ್ನೇ ಬಳಸುವ ರೈತರು ಬಹಳಷ್ಟಿದ್ದಾರೆ. ಎಂಜಿನ್ ಕುಗ್ಗುವುದು, ಡೀಸೆಲ್ ಖರ್ಚು ಏರುವುದು, ಕೊನೆಗೆ ಗೇರಿನ ಹಲ್ಲು ಮುರಿಯುವುದು ಇದರ ಫಲ. ಆದ್ದರಿಂದ ಮುಚ್ಚಳ ತೆರೆಯುವ ಮುನ್ನ ಗೇರಿನ ಲೆಕ್ಕವನ್ನು ನೀವು ತಿಳಿದಿರಬೇಕು.

ಗೇರು ಕೊಡುವುದೇನು, ಕಳೆಯುವುದೇನು?

ಚಾಲಕ ಗೇರಿನ ಒಂದು ಹಲ್ಲು ಮುಂದೆ ಸಾಗಿದರೆ ಚಾಲಿತ ಗೇರಿನದೂ ಒಂದೇ ಹಲ್ಲು ಸಾಗುತ್ತದೆ. ಹಾಗಾಗಿ ಹೆಚ್ಚು ಹಲ್ಲಿರುವ ದೊಡ್ಡ ಗೇರು ನಿಧಾನವಾಗಿಯೂ ಕಡಿಮೆ ಹಲ್ಲಿರುವ ಸಣ್ಣ ಗೇರು ವೇಗವಾಗಿಯೂ ತಿರುಗುತ್ತದೆ. ಹಲ್ಲುಗಳು ಕಚ್ಚುವ ಜಾಗದಲ್ಲಿ ಎರಡರ ಮೇಲೂ ಬೀಳುವ ಬಲ ಸಮನಾದುದು. ಆದರೆ ದೊಡ್ಡ ಗೇರಿನಲ್ಲಿ ಆ ಬಲ ಅಚ್ಚಿನಿಂದ ಹೆಚ್ಚು ದೂರದಲ್ಲಿ ಬೀಳುವುದರಿಂದ ಅದರ ಅಚ್ಚಿಗೆ ದೊರೆಯುವ ತಿರುಗುಬಲ, ಅಂದರೆ ಟಾರ್ಕ್, ಹೆಚ್ಚು. ಬಿಗಿಯಾದ ನಟ್ಟನ್ನು ಉದ್ದ ಹಿಡಿಯ ಪಾನಾದಿಂದ ಸುಲಭವಾಗಿ ಬಿಚ್ಚುತ್ತೀರಲ್ಲವೆ? ಕಾರಣ ಅದೇ.

ಆದರೆ ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಸುತ್ತು ಮತ್ತು ತಿರುಗುಬಲಗಳ ಗುಣಲಬ್ಧವೇ ಶಕ್ತಿ. ಟ್ರ್ಯಾಕ್ಟರ್ ಕೊಟ್ಟಷ್ಟೇ ಶಕ್ತಿ ಇನ್ನೊಂದು ತುದಿಯಲ್ಲಿ ಸಿಗುತ್ತದೆ, ಘರ್ಷಣೆಯಲ್ಲಿ ಸ್ವಲ್ಪ ಕಳೆದೂ ಹೋಗುತ್ತದೆ. ಸುತ್ತನ್ನು ಏರಿಸಿದರೆ ಬಲ ಇಳಿಯಲೇಬೇಕು.

ಒಂದು ಉದಾಹರಣೆ

ಟ್ರ್ಯಾಕ್ಟರಿನ ಪಿ.ಟಿ.ಓ. ಅಚ್ಚು ನಿಮಿಷಕ್ಕೆ 540 ಸುತ್ತು ತಿರುಗುತ್ತ 30 ಕಿಲೋವ್ಯಾಟ್ ಶಕ್ತಿ ನೀಡುತ್ತಿದೆ ಎಂದಿಟ್ಟುಕೊಳ್ಳಿ. ಆಗ ಅಲ್ಲಿಯ ತಿರುಗುಬಲ ಸುಮಾರು 530 ನ್ಯೂಟನ್-ಮೀಟರ್. ಚಾಲಕ ಗೇರಿಗೆ 17, ಚಾಲಿತ ಗೇರಿಗೆ 19 ಹಲ್ಲುಗಳಿದ್ದರೆ ವೇಗ ಸುಮಾರು 483 ಸುತ್ತಿಗೆ ಇಳಿಯುತ್ತದೆ. ಮುಂದೆ 10 ಹಲ್ಲಿನ ಪಿನಿಯನ್ 24 ಹಲ್ಲಿನ ಕ್ರೌನ್ ಗೇರನ್ನು ತಿರುಗಿಸಿದಾಗ ರೋಟರಿಗೆ ತಲುಪುವುದು ಸುಮಾರು 201 ಸುತ್ತು. ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ರೋಟರಿನ ತಿರುಗುಬಲ ಸುಮಾರು 1,425 ನ್ಯೂಟನ್-ಮೀಟರ್.

ಈಗ ಜೋಡಿಯನ್ನು ಅದಲು ಬದಲು ಮಾಡಿ, 19 ಹಲ್ಲಿನದನ್ನು ಚಾಲಕವಾಗಿಸಿ. ರೋಟರ್ ಸುಮಾರು 251 ಸುತ್ತು ತಿರುಗುತ್ತದೆ. ತಿರುಗುಬಲ ಸುಮಾರು 1,140ಕ್ಕೆ ಕುಸಿಯುತ್ತದೆ. ಎರಡೇ ಹಲ್ಲಿನ ವ್ಯತ್ಯಾಸವೆಂದು ಅಲಕ್ಷಿಸುವಂತಿಲ್ಲ. ಅದಲು ಬದಲಿನಿಂದ ಅನುಪಾತ ಎರಡು ಪಟ್ಟು ಪ್ರಭಾವ ಬೀರಿ, ವೇಗದಲ್ಲಿ ಶೇ. 25ರಷ್ಟು ಅಂತರವಾಗುತ್ತದೆ.

ಗಮನಿಸಿ: 17 ಮತ್ತು 19 ಸೇರಿದರೆ 36. 16 ಮತ್ತು 20 ಸೇರಿದರೂ 36. ಎರಡು ಅಚ್ಚುಗಳ ನಡುವಿನ ಅಂತರ ಸ್ಥಿರವಾಗಿರುವುದರಿಂದ ಒಂದು ಯಂತ್ರಕ್ಕೆ ಬರುವ ಜೋಡಿಗಳ ಹಲ್ಲುಗಳ ಮೊತ್ತ ಸಾಮಾನ್ಯವಾಗಿ ಒಂದೇ ಆಗಿರುತ್ತದೆ. ಒಂದು ಜೋಡಿಯ ಗೇರನ್ನು ಮತ್ತೊಂದು ಜೋಡಿಯ ಗೇರಿಗೆ ಕೂಡಿಸಬಾರದು.

ಪಕ್ಕದ ಪೆಟ್ಟಿಗೆಯಲ್ಲಿ ಮೇಲಿನ ಮತ್ತು ಕೆಳಗಿನ ಗೇರುಗಳ ನಡುವೆ ಇರುವ ಗೇರಿನ ಬಗ್ಗೆಯೂ ತಪ್ಪು ಕಲ್ಪನೆಯಿದೆ. ಅದು ಎಷ್ಟೇ ದೊಡ್ಡದಿದ್ದರೂ ಅಂತಿಮ ವೇಗವನ್ನಾಗಲಿ ಬಲವನ್ನಾಗಲಿ ಬದಲಿಸದು. ಚಲನೆಯನ್ನು ಕೆಳಕ್ಕೆ ದಾಟಿಸುವುದು, ದಿಕ್ಕನ್ನು ಸರಿಪಡಿಸುವುದು ಇಷ್ಟೇ ಅದರ ಕೆಲಸ.

ಮಣ್ಣಿಗೆ ತಕ್ಕ ಜೋಡಣೆ

ಗಟ್ಟಿ ಎರೆ ಭೂಮಿ, ಕಬ್ಬಿನ ಕೂಳೆಯಿರುವ ಹೊಲ, ಮೊದಲ ಸಾಲಿನ ಉಳುಮೆ ಇವುಗಳಿಗೆ ಕಡಿಮೆ ವೇಗದ ಜೋಡಣೆಯೇ ಸರಿ. ನೀರು ನಿಂತು ಮೆತ್ತಗಾದ ಗದ್ದೆಯಲ್ಲಿ ಬ್ಲೇಡಿಗೆ ಎದುರಾಗುವ ತಡೆ ಕಡಿಮೆಯಿರುವುದರಿಂದ ಹೆಚ್ಚಿನ ವೇಗ ಬಳಸಬಹುದು. ಕೆಂಪು ಮಣ್ಣಿನಲ್ಲಿ ಬಲದ ಕೊರತೆ ಬಾರದಿದ್ದರೂ ಅತಿಯಾಗಿ ಪುಡಿ ಮಾಡಬೇಡಿ. ಮಳೆ ಬಿದ್ದೊಡನೆ ಮೇಲ್ಪದರ ಹೆಪ್ಪುಗಟ್ಟಿ ಮೊಳಕೆ ಮೇಲೇಳಲಾರದು.

ಹೆಂಟೆ ಸಣ್ಣದಾಗಬೇಕಾದರೆ ರೋಟರಿನ ವೇಗ ಏರಿಸುವುದೊಂದೇ ದಾರಿಯಲ್ಲ. ಟ್ರ್ಯಾಕ್ಟರ್ ಗಂಟೆಗೆ 3 ಕಿ.ಮೀ. ಅಂದರೆ ನಿಮಿಷಕ್ಕೆ 50 ಮೀಟರ್ ಸಾಗುತ್ತಿದೆ, ಒಂದೊಂದು ಫ್ಲ್ಯಾಂಜಿನಲ್ಲಿ ಒಂದೇ ಮಗ್ಗುಲಿಗೆ ಬಾಗಿದ 3 ಬ್ಲೇಡ್‌ಗಳಿವೆ ಎನ್ನೋಣ. 201 ಸುತ್ತಿನಲ್ಲಿ ಪ್ರತಿ ಬ್ಲೇಡ್ ಕತ್ತರಿಸುವ ಹೋಳು ಸುಮಾರು 8.3 ಸೆಂ.ಮೀ.; 251 ಸುತ್ತಿನಲ್ಲಿ 6.6 ಸೆಂ.ಮೀ. ಆದರೆ 201 ಸುತ್ತಿನಲ್ಲಿಯೇ ಟ್ರ್ಯಾಕ್ಟರಿನ ವೇಗವನ್ನು ಗಂಟೆಗೆ 2.4 ಕಿ.ಮೀ.ಗೆ ಇಳಿಸಿದರೂ ಹೋಳು ಅದೇ 6.6 ಸೆಂ.ಮೀ. ಬರುತ್ತದೆ, ಹೆಚ್ಚಿನ ತಿರುಗುಬಲವೂ ಕೈಯಲ್ಲಿ ಉಳಿಯುತ್ತದೆ. ಎಕರೆಗೆ ಹಿಡಿಯುವ ಸಮಯ ಹೆಚ್ಚುವುದು ನಿಜ. ಗಂಟೆ ಲೆಕ್ಕದ ಬಾಡಿಗೆಯಲ್ಲಿ ಇದು ನಿಮಗೆ ಭಾರವೆನಿಸಬಹುದು, ಆದರೂ ಗಟ್ಟಿ ನೆಲದಲ್ಲಿ ನಮ್ಮ ಸಲಹೆ ಇದೇ. ನೆಲಕ್ಕೆ ಹದ ಬರುವವರೆಗೆ ಕಾಯುವುದು ಇದಕ್ಕಿಂತಲೂ ಲಾಭಕರ.

ಕೆಲವು ಟ್ರ್ಯಾಕ್ಟರುಗಳಲ್ಲಿ ಎಂಜಿನ್ನನ್ನು ಕಡಿಮೆ ವೇಗದಲ್ಲಿ ಓಡಿಸಿಯೂ 540 ಸುತ್ತು ಪಡೆಯುವ ಮಿತವ್ಯಯದ ಪಿ.ಟಿ.ಓ. ಇರುತ್ತದೆ. ಸಿಂಪರಣೆಯಂತಹ ಹಗುರ ಕೆಲಸಕ್ಕೆ ಅದು ಯೋಗ್ಯ. ಎಂಜಿನ್ ತನ್ನ ಪೂರ್ಣ ಶಕ್ತಿಯನ್ನು ಅಲ್ಲಿ ಕೊಡಲಾರದು, ಹಾಗಾಗಿ ಗಟ್ಟಿ ನೆಲದ ರೋಟಾವೇಟರ್ ಕೆಲಸಕ್ಕೆ ಬೇಡ.

ಗೇರು ಬದಲಿಸುವಾಗ

ಯಂತ್ರವನ್ನು ನೆಲಕ್ಕೆ ಇಳಿಸಿ, ಪಿ.ಟಿ.ಓ. ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ನಿಮ್ಮ ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಮುಚ್ಚಳಕ್ಕೆ ಕೈ ಹಾಕಿ. ಮುಚ್ಚಳದ ಮೇಲಿನ ಅಥವಾ ಕೈಪಿಡಿಯಲ್ಲಿನ ಕೋಷ್ಟಕದಲ್ಲಿ ಯಾವ ಅಚ್ಚಿಗೆ ಎಷ್ಟು ಹಲ್ಲಿನ ಗೇರು ಎಂಬುದು ನಮೂದಾಗಿರುತ್ತದೆ; ಊಹೆಯಿಂದ ಕೂರಿಸಬೇಡಿ. ಮರುಜೋಡಿಸಿದ ಬಳಿಕ ಗೇರ್ ಎಣ್ಣೆಯ ಮಟ್ಟ ನೋಡಿ.

ಶಿಯರ್ ಬೋಲ್ಟ್ ಅಳವಡಿಸಿದ ಪಿ.ಟಿ.ಓ. ಶಾಫ್ಟಿನಲ್ಲಿ ಅದು ಮತ್ತೆ ಮತ್ತೆ ತುಂಡಾಗುತ್ತಿದ್ದರೆ, ಗಡುಸಾದ ಬೇರೆ ಬೋಲ್ಟ್ ಹಾಕಿ ಕೆಲಸ ಮುಂದುವರಿಸುವ ರೂಢಿ ಹಲವೆಡೆ ಇದೆ. ಹಾಗೆ ಮಾಡಬೇಡಿ. ಮಿತಿ ಮೀರಿದ ತಿರುಗುಬಲ ಗೇರಿಗೆ ತಲುಪದಂತೆ ಮೊದಲು ತುಂಡಾಗಲೆಂದೇ ಆ ಬೋಲ್ಟನ್ನು ಮೆದುವಾಗಿ ಮಾಡಿರುತ್ತಾರೆ. ಉಳುಮೆಯ ಆಳ ತಗ್ಗಿಸಿ, ಟ್ರ್ಯಾಕ್ಟರಿನ ವೇಗ ಇಳಿಸಿ. ಆಗಲೂ ತುಂಡಾದರೆ ಕಡಿಮೆ ವೇಗದ ಗೇರ್ ಜೋಡಣೆಗೆ ಬದಲಿಸಿ.